ಗಾಂಧಾರದ ಮೆಟ್ಟಿಲು

ಬೋಜಪ್ಪ ತಾನಾಗಿಯೇ ಜೇನುಮೇಣ ತಂದುಕೊಟ್ಟಾಗ ಚಲುವಮ್ಮನಿಗೆ ಹೆದರಿಕೆಯಾಯಿತು.

ಬಾಳೆಲೆಯಲ್ಲಿ ಸುತ್ತಿದ ಹಳದಿ ಮುದ್ದೆ. ಒಳಗೆ ಒಂದೆರಡು ಜೇನ್ನೊಣದ ರೆಕ್ಕೆ ಸಿಕ್ಕಿಕೊಂಡಿದ್ದವು. ವೀಣೆಗೆ ಮೇಣ ಬೇಕೆಂದು ಅವಳು ಒಂದು ತಿಂಗಳಿನಿಂದ ಕೇಳುತ್ತಿದ್ದಳು. ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ, ಕಾಫಿ ಕುಯ್ಲು ಮುಗಿಯಲಿ ಎಂದು. ಕುಯ್ಲು ಇನ್ನೂ ಮುಗಿದಿರಲಿಲ್ಲ. ಕಣದ ತುಂಬ ಹಣ್ಣು ಹರಡಿತ್ತು, ಕೂಲಿಯವರ ಲೈನ್‌ಮನೆಯ ಹೆಂಗಸರೆಲ್ಲ ಕೆಳಗಿನ ತೋಟದಲ್ಲಿದ್ದರು, ತೋಟದ ಲೆಕ್ಕ ಬರೆಯುವ ರೈಟರ್ ಬೆಳಿಗ್ಗೆಯಿಂದ ಯಾರ ಮೇಲೋ ಕೂಗಾಡುತ್ತಿದ್ದ.

"ಜೇನುಕುರುಬರ ಮಲ್ಲನ ಕೈಲಿ ತರಿಸಿದೆ. ನಾಳೆ ಬೆಳಿಗ್ಗೆ ಕೂತು ನಿನ್ನ ರಿಪೇರಿ ಮುಗಿಸ್ಕೋ. ಅಡುಗೆ ಅವ್ವ ನೋಡ್ಕೊಳ್ತಾಳೆ" ಎಂದ.

"ನಾಳೇನೇ ಯಾಕೆ?"

"ಯಾಕೆ, ಬೇಡ್ವಾ?"

"ಬೇಕು."

"ಬೇಕಾದ್ರೆ ಸುಮ್ನೆ ತಗೋ. ಕೊಟ್ರೂ ತಪ್ಪು, ಕೊಡದಿದ್ರೂ ತಪ್ಪು."

ಅವಳು ತೆಗೆದುಕೊಂಡಳು. ಅವನು ಬಾಗಿಲಲ್ಲಿ ನಿಂತು, ಅವಳು ಮೇಣವನ್ನು ಮೂಸಿ ನೋಡುವುದನ್ನು ನೋಡಿದ. ಹೊಸ ಗಿಡದ ಕುಡಿ ಹಿಡಿಯಿತೋ ಇಲ್ಲವೋ ಎಂದು ನೋಡುವಾಗಲೂ ಅವನ ಮುಖ ಹಾಗೆಯೇ ಇರುತ್ತಿತ್ತು.

ಚಲುವಮ್ಮ ಕೊಡ್ಲಿಪೇಟೆಯ ಕಡೆಯವಳು. ಹಾಸನದಲ್ಲಿ ಹೈಸ್ಕೂಲು ಓದುವಾಗ ಕಾಮಾಕ್ಷಮ್ಮನವರೆಂಬ ವಿಧವೆಯ ಮನೆಯಲ್ಲಿ ವೀಣೆ ಕಲಿತಳು. ಚೆಟ್ಟಳ್ಳಿಯ ಹತ್ತಿರ ತೋಟವಿದ್ದ ಬೋಜಪ್ಪನಿಗೆ ಕೊಟ್ಟು ಮದುವೆ ಮಾಡಿದಾಗ ವೀಣೆಯೂ ಅವಳ ಜೊತೆ ಬಂತು. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿರಲಿಲ್ಲ. ಅತ್ತೆ ಬೊಳ್ಳಮ್ಮ ಭಾಗಮಂಡಲದ ಆಚೆಯವಳು. ಮಗನ ಜೊತೆ ಅರೆಭಾಷೆ ಆಡುವಳು, ಸೊಸೆಯ ಜೊತೆ ಅರ್ಧಂಬರ್ಧ ಕನ್ನಡ; ಹುಡುಗಿ ಎನ್ನುವ ಕಡೆ ಗೂಡೆ ಎನ್ನುವಳು. ಸೊಸೆಯನ್ನು ಪ್ರೀತಿಸುತ್ತಿರಲಿಲ್ಲ, ಹಿಂಸಿಸುತ್ತಲೂ ಇರಲಿಲ್ಲ. ಅವಳಿಗೊಂದು ಹೆಸರಿತ್ತು: ಬೊಳ್ಳಮ್ಮ ಕಣ್ಣಾರೆ ಕಾಣದ್ದನ್ನು ಹೇಳುವವಳಲ್ಲ, ಕಂಡದ್ದನ್ನು ಮುಚ್ಚಿಡುವವಳೂ ಅಲ್ಲ. ತೋಟದ ಗಡಿಯ ಒಂದು ಜಗಳದಲ್ಲಿ ಪಂಚರ ಮುಂದೆ ಸ್ವಂತ ತಮ್ಮನ ವಿರುದ್ಧ ಸಾಕ್ಷಿ ಹೇಳಿ ಬಂದಿದ್ದಳು. ತಮ್ಮ ಆಮೇಲೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಅವಳು ಅದಕ್ಕೆ ಬೇಜಾರೂ ಪಟ್ಟುಕೊಳ್ಳಲಿಲ್ಲ.

ಕುಯ್ಲಿನ ಮೊದಲ ವಾರದಲ್ಲಿ ಬೋಜಪ್ಪ ಮಡಿಕೇರಿಗೆ ಹೋಗಿ ವಕೀಲರನ್ನು ಕಂಡು ಬಂದ. ಊಟಕ್ಕೆ ಕೂತಾಗ ನಗುತ್ತಾ ಹೇಳಿದ:

"ಕೊಡಗು ಮೈಸೂರಿಗೆ ಸೇರ್ತು, ಕಾನೂನು ಡೆಲ್ಲಿಯಿಂದ ಬಂತು. ಅಜ್ಜನಿಗೆ ಮೂರು ಹೆಂಡ್ರು ಇದ್ರು ಅವ್ವ. ನನಗೆ ಒಬ್ಬಳೇ ಗತಿಯಂತೆ."

"ಒಬ್ಬಳು ಸಾಕಿಲ್ಲೆಯಾ?" ಎಂದಳು ಬೊಳ್ಳಮ್ಮ.

"ಸಾಕು ಸಾಕು. ಮಕ್ಕಳಾಗ್ಲಿಲ್ಲ ಅಂದ್ರೆ ಕೋರ್ಟು ಕಿವಿಗೇ ಹಾಕ್ಕೊಳ್ಳಲ್ವಂತೆ. ಹೆಂಡ್ತಿಗೆ ತಲೆ ಕೆಟ್ಟಿದೆ, ವಾಸಿಯಾಗಲ್ಲ ಅಂತ ಡಾಕ್ಟ್ರು ಹೇಳಿದ್ರೆ ಮಾತ್ರ ಬಿಡುಗಡೆ. ಅದಕ್ಕೂ ಕೆಲವು ವರ್ಷ ಕಾಯ್ಬೇಕು. ಬೇಗ ಶುರು ಮಾಡಿದಷ್ಟೂ ಒಳ್ಳೇದು ಅಂದ್ರು ವಕೀಲ್ರು." ಹೆಂಡತಿಯ ಕಡೆ ತಿರುಗಿ, "ಏನೇ, ನಿಂಗೆ ತಲೆ ಸರಿ ಇದೆ ತಾನೆ?" ಎಂದು ಇನ್ನೊಮ್ಮೆ ನಕ್ಕ.

ಬೊಳ್ಳಮ್ಮ ನಗಲಿಲ್ಲ. "ಉಣ್ಣುವಾಗ ಎಂತ ಮಾತು ಅದು" ಎಂದು ಅನ್ನದ ತಟ್ಟೆ ಮುಂದಕ್ಕೆ ತಳ್ಳಿದಳು.

ಅದಾದ ಮೇಲೆಯೇ ವೀಣೆಯ ಗಾಂಧಾರ ಕೆಟ್ಟದ್ದು.

ವೀಣೆಯ ಹಿತ್ತಾಳೆ ಮೆಟ್ಟಿಲುಗಳನ್ನು ಮರಕ್ಕೆ ಮೊಳೆ ಹೊಡೆದು ಕೂರಿಸಿರುವುದಿಲ್ಲ. ಉದ್ದನೆಯ ದಂಡಿಯ ಎರಡು ಅಂಚಿಗೆ ಕರಿ ಮೇಣದ ದಿಂಡು ಕಟ್ಟಿ, ಅದರ ಮೇಲೆ ಅಡ್ಡಡ್ಡ ಊರಿರುತ್ತಾರೆ. ಮೇಣ ಕಾದರೆ ಮೆಟ್ಟಿಲು ಜರಗುತ್ತದೆ, ರಾಗಿ ಕಾಳಿನಷ್ಟು ಜರಗಿದರೂ ಸ್ವರ ತಪ್ಪುತ್ತದೆ. ಚಳಿಗೆ ಇಟ್ಟ ಅಗ್ಗಿಷ್ಟಿಕೆಯ ಕಾವು ತಗುಲಿರಬೇಕು ಎಂದುಕೊಂಡು ಅವಳು ವೀಣೆಯನ್ನು ಆಚೆ ಗೋಡೆಗೆ ಸರಿಸಿ, ಮೆಟ್ಟಿಲನ್ನು ಸರಿ ಮಾಡಿದಳು. ವಾರದಲ್ಲಿ ಮತ್ತೆ ಅದೇ ಮೆಟ್ಟಿಲು. ಕಾವು ತಗುಲಿದರೆ ಅಕ್ಕಪಕ್ಕದವೂ ವಾಲಬೇಕಿತ್ತು. ಅವು ನೆಟ್ಟಗಿದ್ದವು. ಬಿಸಿಲಿಗೆ ಹಿಡಿದು ನೋಡಿದಾಗ ಮೇಣದ ಮೇಲೆ ಹೆಬ್ಬೆರಳಿನ ಗೆರೆಗಳು ಸ್ಪಷ್ಟವಾಗಿ ಮೂಡಿದ್ದವು. ಕೆಲಸ ತಿಳಿದವರು ಬೆರಳು ಒದ್ದೆ ಮಾಡಿಕೊಂಡೇ ಮೇಣ ಮುಟ್ಟುತ್ತಾರೆ, ಗುರುತು ಉಳಿಯುವುದಿಲ್ಲ. ಇದು ಒಣ ಬೆರಳು. ಅಗಲವಾದದ್ದು.

ಅತ್ತೆಗೆ ತೋರಿಸಿದಳು.

"ಗಂಡ ಮುಟ್ಟಿದ್ರೆ ಎಂತ ಗೂಡೆ?" ಎಂದಳು ಬೊಳ್ಳಮ್ಮ. "ವೀಣೆ ಅವನ ಮನೇಲಿ ತಾನೆ ಉಂಟು?"

"ಮುಟ್ಟಿದ್ದಲ್ಲ ಅತ್ತೆ. ಬೇಕಂತಲೇ ಸರಿಸಿದ್ದಾರೆ. ಸ್ವರ ಹಾಳಾಗಿದೆ, ಕೇಳಿ."

ಮೀಟಿ ತೋರಿಸಿದಳು. ಬೊಳ್ಳಮ್ಮ ತಲೆ ಓರೆ ಮಾಡಿ ಕೇಳಿದಳು. ಅವಳು ನಿಜವಾಗಿಯೂ ಕಿವಿಗೊಟ್ಟಳು, ಅದರಲ್ಲಿ ಮೋಸವಿರಲಿಲ್ಲ.

"ನಂಗೆ ಆಗಲೂ ಹಂಗೆ, ಈಗಲೂ ಹಂಗೆ. ಅವ ಸರಿಸಿದ್ದು ನಾನು ಕಂಡಿಲ್ಲೆ. ಕಾಣದ್ದಕ್ಕೆ ನಾನು ಎಂತ ಹೇಳಲಿ?"

ಬೋಜಪ್ಪನನ್ನು ಕೇಳಿದ್ದಕ್ಕೆ ಅವನು ಸಿಟ್ಟಾಗಲಿಲ್ಲ. ರೈಟರನ್ನು, ಅಡುಗೆಮನೆಯ ಕೆಂಚಿಯನ್ನು, ಜೀಪಿನ ಡ್ರೈವರನ್ನು ಜಗಲಿಗೆ ಕರೆಸಿದ. "ಎಲ್ರೂ ಕೇಳಿ ಹೇಳ್ರಪ್ಪ, ನಮ್ಮ ಮನೆಯವಳು ಸ್ವರ ಕೆಟ್ಟಿದೆ ಅಂತಾಳೆ" ಎಂದು ಅವಳ ಕೈಯಲ್ಲಿ ಮೀಟಿಸಿದ. ಯಾರಿಗೂ ಏನೂ ಕೇಳಲಿಲ್ಲ. ರೈಟರ್ "ಚೆನ್ನಾಗೇ ಇದೆಯಲ್ಲ ಅಮ್ಮ" ಎಂದ. ಡ್ರೈವರ್ ನೆಲ ನೋಡಿದ. ಅಂದಿನಿಂದ ಲೈನ್‌ಮನೆಯ ಹೆಂಗಸರು ಅವಳನ್ನು ಕಂಡರೆ ಮಾತು ನಿಲ್ಲಿಸತೊಡಗಿದರು.

ಮೇಣ ಬಂದ ಮಾರನೆಯ ದಿನ ಚಲುವಮ್ಮ ಕೆಲಸಕ್ಕೆ ಕೂತಳು. ಹೆದರಿಕೆಯಿತ್ತು ನಿಜ. ಆದರೆ ಮೇಣ ಕೈಗೆ ಬಂದಮೇಲೆ ಕೆಟ್ಟ ಗಾಂಧಾರವನ್ನು ಇನ್ನೊಂದು ದಿನ ಇಟ್ಟುಕೊಳ್ಳುವುದು ಅವಳಿಂದಾಗದು. ಇಡೀ ಮೇಳ, ಅಂದರೆ ಮೆಟ್ಟಿಲುಗಳ ಪೂರ್ತಿ ಸಾಲು, ಕಟ್ಟುವುದಕ್ಕೆ ಮೈಸೂರಿನ ಕಸುಬುದಾರರೇ ಬರಬೇಕು. ಗಾಂಧಾರ, ಅದರ ಆಚೀಚೆಯ ಎರಡು ಮೆಟ್ಟಿಲು, ಇಷ್ಟು ಅವಳ ಕೈಲಾಗುತ್ತಿತ್ತು. ಕಾಮಾಕ್ಷಮ್ಮನವರ ಮನೆಯಲ್ಲಿ ಮಾಡಿ ರೂಢಿಯಿತ್ತು.

ಚಾಕುವಿನಿಂದ ಹಳೆ ಮೇಣ ಕೆತ್ತಿ ತೆಗೆದಳು. ಹೆಬ್ಬೆರಳಿನ ಗೆರೆಗಳೂ ಅದರ ಜೊತೆ ಚೂರುಚೂರಾಗಿ ಚಾಪೆಯ ಮೇಲೆ ಬಿದ್ದವು. ಕೆಂಚಿ ಹೊಸ ಮೇಣವನ್ನು ಒಡಕು ಬಾಣಲೆಯಲ್ಲಿ ಕರಗಿಸಿ, ದೀಪದ ಮಸಿ ಅರೆದು ಹಾಕಿದಳು.

"ಅಮ್ಮಾವ್ರೇ, ಇದನ್ನ ತಿಂದ್ರೆ ಏನಾಯ್ತದೆ?"

"ಹಲ್ಲು ಕರ್ರಗಾಗುತ್ತೆ."

"ನನ್ನ ಗಂಡಂದು ಆಗ್ಲೇ ಕರ್ರಗದೆ. ಅವನಿಗೆ ಒಂದು ಉಂಡೆ ಕೊಡಿ."

ಚಲುವಮ್ಮ ನಕ್ಕಳು. ನಗುತ್ತಲೇ ಹಣೆಯ ಬೆವರು ಒರೆಸಿಕೊಂಡಳು. ಮಸಿ ಹಣೆಗೆ, ಕೆನ್ನೆಗೆ ಬಳಿದುಕೊಂಡಿತು. ಕೆಂಚಿ ಅದನ್ನು ಹೇಳಲಿಲ್ಲ. ನೋಡಲು ಚೆನ್ನಾಗಿತ್ತೇನೋ.

ಬಿಸಿ ಮೇಣವನ್ನು ಬತ್ತಿಯಂತೆ ಹೊಸೆದು ಅಂಚಿಗೆ ಕೂರಿಸಿ, ಗಾಂಧಾರದ ಮೆಟ್ಟಿಲನ್ನು ಮೆಲ್ಲಗೆ ಅದರ ಮೇಲಿಟ್ಟಳು. ಇನ್ನು ಜಾಗ ಹುಡುಕಬೇಕು. ಅದಕ್ಕೆ ಕಾಮಾಕ್ಷಮ್ಮನವರು ಒಂದು ದಾರಿ ಹೇಳಿಕೊಟ್ಟಿದ್ದರು. ಮಂದ್ರದ ದಪ್ಪ ತಂತಿಯನ್ನು ಬರಿದೇ ಮೀಟಿ ಬಿಟ್ಟರೆ, ನಾದ ಇಳಿಯುತ್ತಾ ಹೋದಂತೆ ಅದರ ಒಳಗಿಂದ ಗಾಂಧಾರ ಸಣ್ಣಗೆ ತಾನಾಗಿ ಕೇಳಿಸುತ್ತದೆ. ಮೆಟ್ಟಿಲ ಮೇಲಿನ ಗಾಂಧಾರ ಅದಕ್ಕೆ ಕೂಡಬೇಕು. ದಂಡಿಗೆ ಕಿವಿಯೊತ್ತಿ, ಕಣ್ಣು ಮುಚ್ಚಿ ಕೇಳಬೇಕು. ಮೀಟಬೇಕು, ಕೇಳಬೇಕು, ಕೂದಲಿನಷ್ಟು ಸರಿಸಬೇಕು, ಮತ್ತೆ ಮೀಟಬೇಕು. ಹೊರಗಿನವರಿಗೆ ಅದು ಒಂದೇ ಸದ್ದು, ಮತ್ತೆ ಮತ್ತೆ ಅದೇ ಸದ್ದು.

ಜೀಪು ಬಂದ ಸದ್ದು ಅವಳಿಗೆ ಕೇಳಿಸಿತು. ತಲೆ ಎತ್ತಲಿಲ್ಲ. ಗಾಂಧಾರ ಇನ್ನೇನು ಕೂಡುವುದರಲ್ಲಿತ್ತು. ಕೂಡಿತು. "ಸಿಕ್ತು, ಸಿಕ್ತು, ಇಲ್ಲೇ ಇದೆ" ಎಂದು ಅವಳು ಮರಕ್ಕೆ ಹೇಳುವಂತೆ ಹೇಳಿ ಕಣ್ಣು ಬಿಟ್ಟಳು.

ಬಾಗಿಲಲ್ಲಿ ಬೋಜಪ್ಪ ನಿಂತಿದ್ದ. ಪಕ್ಕದಲ್ಲಿ ಚರ್ಮದ ಚೀಲ ಹಿಡಿದ ಗಂಡಸು. ಹಿಂದೆ ಬೊಳ್ಳಮ್ಮ. ಅವರು ಬಂದು ಬಹಳ ಹೊತ್ತಾಗಿರಬೇಕು. ಕೆಂಚಿ ಎದ್ದು ಗೋಡೆಗೊರಗಿ ನಿಂತಿದ್ದಳು.

"ಡಾಕ್ಟ್ರು," ಎಂದ ಬೋಜಪ್ಪ. "ಅವ್ವನ ಮಂಡಿನೋವು ನೋಡೋಕೆ ಮಡಿಕೇರಿಯಿಂದ ಕರ್ಕೊಂಡು ಬಂದೆ."

ಡಾಕ್ಟರು ಮಂಡಿಯ ಕಡೆ ನೋಡಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತರು. ಮಾತಿನಲ್ಲಿ ಘಟ್ಟದ ಕೆಳಗಿನವರೆಂದು ಗೊತ್ತಾಗುತ್ತಿತ್ತು. ಒಳ್ಳೆಯ ಮನುಷ್ಯನಂತೆಯೇ ಕಂಡರು.

"ಎಂತ ಮಾಡ್ತಾ ಇದ್ದೀರಿ ಅಮ್ಮ?"

"ಮೇಳ ಕಟ್ತಾ ಇದ್ದೆ."

"ಮೇಳವಾ?" ಡಾಕ್ಟರ ಕಣ್ಣು ಅವಳ ಹಣೆಯ ಮಸಿಯ ಮೇಲೆ ನಿಂತಿತು. ಅವರ ಊರಿನಲ್ಲಿ ಮೇಳವೆಂದರೆ ಒಂದೇ: ಮುಖಕ್ಕೆ ಬಣ್ಣ ಬಳಿದುಕೊಂಡು ಊರೂರು ತಿರುಗಿ ಆಟ ಆಡುವವರ ತಂಡ. "ನೀವೊಬ್ಬರೇ ಕಟ್ಟುದಾ?"

"ಒಬ್ಬಳೇ. ಕೆಂಚಿ ಜೊತೆಗಿದ್ದಾಳೆ."

"ಕೆಂಚಿಯೂ ಮೇಳದಲ್ಲಿ ಉಂಟಾ?"

ಕೆಂಚಿ ಕಿಸಕ್ಕನೆ ನಕ್ಕಳು. "ನಾನು ಮಸಿ ಅರೆಯಾಕೆ ಸ್ವಾಮಿ, ಅಷ್ಟೇಯ."

ಡಾಕ್ಟರು ನಗಲಿಲ್ಲ. ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಸರಿಸಿ ಕೇಳಿದರು: "ನಿಮಗೆ ಸ್ವರ ಕೇಳ್ತದೆ ಅಂತ ಬೋಜಪ್ಪನವರು ಹೇಳಿದರು."

ಚಲುವಮ್ಮ ನೆಟ್ಟಗೆ ಕೂತಳು. ಆ ಮನೆಯಲ್ಲಿ ಈವರೆಗೆ ಯಾರೂ ಅದನ್ನು ಇಷ್ಟು ಮರ್ಯಾದೆಯಿಂದ ಕೇಳಿರಲಿಲ್ಲ.

"ಕೇಳುತ್ತೆ."

"ಈ ಮನೆಯಲ್ಲಿ ಬೇರೆ ಯಾರಿಗಾದ್ರೂ?"

"ಯಾರಿಗೂ ಕೇಳಲ್ಲ ಡಾಕ್ಟ್ರೇ. ಎಷ್ಟು ಹೇಳಿದ್ರೂ ಕೇಳಲ್ಲ."

"ಯಾವಾಗಿಂದ?"

"ಹಾಸನದಲ್ಲಿ ಓದೋವಾಗಿಂದ. ಮೊದಲು ನನಗೂ ಕೇಳ್ತಿರಲಿಲ್ಲ. ಕಾಮಾಕ್ಷಮ್ಮನವರು ಕಣ್ಣು ಮುಚ್ಚಿಸಿ ಕೂರಿಸಿ ಅಭ್ಯಾಸ ಮಾಡಿಸಿದ್ರು."

"ಎಲ್ಲಿಂದ ಬರ್ತದೆ ಅದು?"

"ತಂತಿ ಒಳಗಿಂದ. ಸಣ್ಣಗೆ. ಸುಮ್ಮನೆ ಕಾದು ಕೂತ್ರೆ ತಾನಾಗಿ ಬರುತ್ತೆ. ಈಗ ತಾನೇ ಬಂತು, ನೀವು ನಿಂತಿದ್ದಾಗಲೇ."

ಡಾಕ್ಟರು ಬೋಜಪ್ಪನ ಕಡೆ ನೋಡಿದರು. ಬೋಜಪ್ಪ ನೆಲ ನೋಡುತ್ತಿದ್ದ, ದುಃಖಪಡುವವನ ಹಾಗೆ.

"ಅದು ಗಂಡಸಿನ ಸ್ವರವಾ, ಹೆಂಗಸಿನದ್ದಾ?" ಎಂದರು ಡಾಕ್ಟರು. "ನಿಮ್ಮ ಹತ್ರ ಎಂತ ಹೇಳ್ತದೆ?"

ಅವರು ಕೇಳುತ್ತಿರುವುದು ಯಾವ ಸ್ವರವೆಂದು ಚಲುವಮ್ಮನಿಗೆ ಆಗ ತಿಳಿಯಿತು.

ಘಟ್ಟದ ಕೆಳಗೆ ಸ್ವರವೆಂದರೆ ಮನುಷ್ಯರ ದನಿ. ಶೀತವಾದರೆ ಅಲ್ಲಿ ಸ್ವರ ಕೂರುತ್ತದೆ, ಕತ್ತಲಲ್ಲಿ ಯಾರದೋ ಸ್ವರ ಕೇಳುತ್ತದೆ. ಬೊಳ್ಳಮ್ಮನ ಮಾತಿನಲ್ಲೂ ಹಾಗೆಯೇ. ಬೋಜಪ್ಪನಿಗೆ ಎರಡು ಅರ್ಥವೂ ಗೊತ್ತು. ಅವನು ಡಾಕ್ಟರಿಗೆ ಒಂದೇ ಒಂದು ಸುಳ್ಳು ಹೇಳಬೇಕಾಗಿ ಬಂದಿರಲಿಲ್ಲ. ನನ್ನ ಹೆಂಡತಿಗೆ ಸ್ವರ ಕೇಳುತ್ತದೆ, ಮನೆಯಲ್ಲಿ ಬೇರೆ ಯಾರಿಗೂ ಕೇಳುವುದಿಲ್ಲ. ಅಷ್ಟೇ. ಉಳಿದದ್ದನ್ನೆಲ್ಲ ಅವಳೇ ಹೇಳಿ ಮುಗಿಸಿದ್ದಳು.

"ಆ ಸ್ವರ ಅಲ್ಲ ಡಾಕ್ಟ್ರೇ. ಸಂಗೀತದ್ದು. ಸರಿಗಮ." ಅವಳ ದನಿ ಏರಿತು. "ಮೇಳ ಅಂದ್ರೆ ಇದು, ಈ ಮೆಟ್ಟಿಲು. ಮೇಣದಲ್ಲಿ ಕೂರಿಸೋದು. ಆಟದ ಮೇಳ ಅಲ್ಲ."

"ಹೌದು ಹೌದು," ಎಂದರು ಡಾಕ್ಟರು, ಸೂಜಿಗೆ ಹೆದರುವ ಮಗುವಿಗೆ ಹೇಳುವಂತೆ. "ಗಡಿಬಿಡಿ ಮಾಡ್ಬೇಡಿ. ಮುಖ ತೊಳೆದು ಬನ್ನಿ. ಒಂದು ಸ್ವಲ್ಪ ನುಡಿಸಿ, ಕೇಳುವ."

"ಮೇಣ ಇನ್ನೂ ಆರಿಲ್ಲ."

"ಜಗಲಿಯಲ್ಲಿ ಗಾಳಿ ಇದೆ, ಆರ್ತದೆ ಬಿಡು," ಎಂದು ಬೋಜಪ್ಪ ಬಗ್ಗಿ ವೀಣೆ ಎತ್ತಿದ. ಒಂದು ಕೈ ಕೊಡದ ಕೆಳಗೆ. ಇನ್ನೊಂದು ದಂಡಿಯ ಮೇಲೆ, ಗಾಂಧಾರದ ಮೆಟ್ಟಿಲ ಮೇಲೆಯೇ. ಹೆಬ್ಬೆರಳು ಊರಿ, ತಂತಿ ಬಿಗಿಯುವ ಬಿರಡೆಗಳ ಕಡೆಗೆ ಜಗ್ಗಿದ್ದು ಅವಳಿಗೆ ಕಾಣಿಸಿತು. ಕೂಗು ಹಲ್ಲಿನ ಹಿಂದೆ ಬಂದು ನಿಂತಿತು. ಈಗ ಕೂಗಿದರೆ ಅದೂ ಒಂದು ಲಕ್ಷಣವಾಗುತ್ತದೆ. ಅವಳು ಹೋಗಿ ಮುಖ ತೊಳೆದು ಬಂದಳು.

ಜಗಲಿಯಲ್ಲಿ ಚಾಪೆ ಹಾಸಿದ್ದರು. ಡಾಕ್ಟರು ಎದುರಿಗೆ ಕೂತರು. ಅವರು ಸಂಗೀತ ತಿಳಿದವರಲ್ಲ. ಅದನ್ನು ಅವರೇ ಹೇಳಿದರು. ಅವರು ಕಿವಿಗೊಡಲಿಲ್ಲ, ಅವಳ ಮುಖವನ್ನೇ ನೋಡುತ್ತಾ ಕೂತರು. ಅದು ಅವಳಿಗೆ ಅರ್ಥವಾಯಿತು. ತಪ್ಪು ಸ್ವರ ಕಿವಿಗೆ ಬಿದ್ದರೆ ತನ್ನ ಮುಖ ಸುಮ್ಮನಿರುವುದಿಲ್ಲ. ಹುಬ್ಬು ಗಂಟಾಗುತ್ತದೆ, ಒಂದು ಭುಜ ಮೇಲೇರುತ್ತದೆ. ಕಾಮಾಕ್ಷಮ್ಮನವರು ಇದನ್ನು ಹೇಳಿ ಗೇಲಿ ಮಾಡುತ್ತಿದ್ದರು. ಬೋಜಪ್ಪನೂ ನಾಲ್ಕು ವರ್ಷದಿಂದ ನೋಡಿದ್ದಾನೆ.

ಅವಳು ಮಧ್ಯಮಾವತಿ ಹಿಡಿದಳು. ಆ ರಾಗದಲ್ಲಿ ಗಾಂಧಾರವೇ ಇಲ್ಲ. ಬೆರಳು ಋಷಭದಿಂದ ಮಧ್ಯಮಕ್ಕೆ ಹಾರಿ ಹೋಗುತ್ತದೆ, ಆ ಮೆಟ್ಟಿಲನ್ನು ಮುಟ್ಟುವುದಿಲ್ಲ. ಮೆಲ್ಲಗೆ ನುಡಿಸಿದಳು. ಮುಖ ಶಾಂತವಾಗಿತ್ತು. ಡಾಕ್ಟರು ಕಾಲು ನೀಡಿ ಕೂತರು.

"ಒಳ್ಳೆದುಂಟಲ್ಲ ಮಾರಾಯ್ರೆ" ಎಂದು ಬೋಜಪ್ಪನಿಗೆ ಹೇಳಿದರು.

"ಒಳ್ಳೆದುಂಟು," ಎಂದ ಬೋಜಪ್ಪ. ಎದ್ದು ಬಂದು ವೀಣೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಬೆರಳು ಚಾಚಿದ. "ಇದನ್ನ ಮಾತ್ರ ಬಿಟ್ಲು ನೋಡಿ. ಇದೇ ಅವಳಿಗಾಗದ್ದು. ಇದನ್ನ ಮೀಟು."

ಇಪ್ಪತ್ತನಾಲ್ಕು ಮೆಟ್ಟಿಲಲ್ಲಿ ಅವನ ಬೆರಳು ಸರಿಯಾಗಿ ಗಾಂಧಾರದ ಮೇಲಿತ್ತು. ಸರಿಗಮವನ್ನು ಸಾಲಾಗಿ ಹೇಳಲು ಬಾರದ ಮನುಷ್ಯ.

"ಮೀಟಿ ಅಮ್ಮ," ಎಂದರು ಡಾಕ್ಟರು.

ಮೆಟ್ಟಿಲು ಬಿರಡೆಯ ಕಡೆಗೆ ಜರಗಿತ್ತು. ಅಂದರೆ ಸ್ವರ ಇಳಿದಿರುತ್ತದೆ. ಇಳಿದ ಸ್ವರಕ್ಕೆ ಒಂದು ದಾರಿಯಿದೆ: ತಂತಿಯನ್ನು ಮೆಟ್ಟಿಲ ಮೇಲೆಯೇ ಪಕ್ಕ ಎಳೆದರೆ ಅದು ಬಿಗಿದು ಸ್ವರ ಏರುತ್ತದೆ. ಎಷ್ಟು ಎಳೆಯಬೇಕೆಂದು ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ. ಬೆರಳೂರಿ, ಮೀಟುವ ಮೊದಲೇ ಎಳೆದು ಹಿಡಿದು, ಮೀಟಿದಳು. ಗಾಂಧಾರ ಗಾಂಧಾರವಾಗಿಯೇ ಬಂತು. ಹುಬ್ಬು ಅಲ್ಲಾಡಲಿಲ್ಲ. ಇನ್ನೊಮ್ಮೆ ಮೀಟೆಂದರು, ಮೀಟಿದಳು.

"ಸರಿ ಉಂಟಾ?"

"ಸರಿ ಇದೆ."

"ಬೇರೆಂತದೂ ಕೇಳುದಿಲ್ಲ?"

"ಇಲ್ಲ."

ಡಾಕ್ಟರು ಗಡ್ಡ ಉಜ್ಜಿಕೊಂಡರು. ಒಳಗೆ ಹೇಳಿದ್ದೊಂದು, ಇಲ್ಲಿ ಕಂಡದ್ದೊಂದು. ಬೊಳ್ಳಮ್ಮನ ಕಡೆ ತಿರುಗಿದರು.

"ನೀವು ಹಿರಿಯರು. ಇವರು ಒಬ್ಬರೇ ಮಾತಾಡುದು, ಸಾಮಾನು ಹಾಳು ಮಾಡುದು, ಹಾಗೆ ಎಂತಾದ್ರೂ ಕಂಡಿದ್ದೀರಾ?"

ಬೋಜಪ್ಪ ತಾಯಿಯನ್ನು ನೋಡಿದ. ಬೊಳ್ಳಮ್ಮ ಎಲೆ ಅಡಿಕೆ ಬಾಯಿಂದ ತೆಗೆದು ಬಂದು ನಿಂತಳು.

"ವೀಣೆ ಯಾರೋ ಹಾಳು ಮಾಡ್ತಾರೆ ಅಂತ ಅವಳು ಹೇಳುದು ಕೇಳಿದ್ದೇನೆ. ಯಾರು ಅಂತ ನಾನು ಕಂಡಿಲ್ಲೆ. ಅವಳು ಏನೂ ಹಾಳು ಮಾಡಿದ್ದನ್ನೂ ಕಂಡಿಲ್ಲೆ. ಅಡುಗೆ ಸರಿ ಮಾಡುವಳು. ಲೆಕ್ಕ ತಪ್ಪುದಿಲ್ಲೆ."

ಡಾಕ್ಟರು ತಲೆಯಾಡಿಸಿದರು. ಹೊರಡುವಾಗ ಜೀಪಿನ ಹತ್ತಿರ ಅವರು ಬೋಜಪ್ಪನಿಗೆ ಹೇಳಿದ್ದು ಜಗಲಿಗೆ ಕೇಳಿಸಿತು: "ಈಗ ಏನೂ ಹೇಳಲಿಕ್ಕಾಗುದಿಲ್ಲ. ಕುಯ್ಲು ಮುಗಿದ ಮೇಲೆ ಇನ್ನೊಮ್ಮೆ ಬರ್ತೇನೆ. ನಿಮ್ಮ ತಾಯಿಯವರ ಮಾತು ನನಗೆ ಮುಖ್ಯ. ಅವರು ಕಂಡದ್ದು ಉಂಟು ಅಂತಾದ್ರೆ ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಬರೆದು ಕೊಡುವ." ಬೊಳ್ಳಮ್ಮನ ಮಂಡಿಗೆ ಎಣ್ಣೆ ಬರೆದುಕೊಟ್ಟರು.

ಸಂಜೆ ಬೋಜಪ್ಪ ಕಣದಿಂದ ಬಂದು ಬೂಟು ಬಿಚ್ಚುತ್ತಾ ಕೂತ. ಕೋಪವೇನೂ ಕಾಣಲಿಲ್ಲ. ಅವಳು ಕಾಫಿ ತಂದಿಟ್ಟಳು.

"ಆವಾಗ ಬೆರಳಲ್ಲಿ ಏನೋ ಮಾಡಿದೆಯಲ್ಲ. ತಂತಿನ ಪಕ್ಕಕ್ಕೆ ತಳ್ಳಿದೆ" ಎಂದ.

ಅವಳು ಲೋಟವನ್ನು ಅವನ ಹತ್ತಿರಕ್ಕೆ ಸರಿಸಿದಳು.

"ನುಡಿಸುವಾಗ ಹಾಗೆ ಮಾಡೋದು ಇದ್ದೇ ಇದೆ."

"ಹಂಗೆ ತಳ್ಳಿದ್ರೆ ಏನಾಗ್ತದೆ? ಸ್ವರ ಏರ್ತದಾ, ಇಳೀತದಾ?"

ಅವನು ಕುತೂಹಲದಿಂದಲೇ ಕೇಳಿದ. ಕಸಿ ಕಟ್ಟುವುದನ್ನು ಸಂಶೋಧನಾ ಕೇಂದ್ರದವರ ಹತ್ತಿರ ಕಲಿಯುವಾಗಲೂ ಅವನು ಹೀಗೆಯೇ ಕೇಳಿ ತಿಳಿದುಕೊಂಡಿದ್ದ. ಮುಂದಿನ ಸಲ ಮೆಟ್ಟಿಲನ್ನು ಇನ್ನೊಂದು ತುದಿಯ ಕೊಡದ ಕಡೆಗೆ ಸರಿಸಿದರೆ ಸ್ವರ ಏರಿಬಿಡುತ್ತದೆ. ಏರಿದ್ದನ್ನು ಯಾವ ಬೆರಳೂ ಇಳಿಸಲಾರದು. ಮುಖ ಗಂಟಾಗುತ್ತದೆ, ಡಾಕ್ಟರು ಎದುರಿಗಿರುತ್ತಾರೆ.

"ಇಳಿಯುತ್ತೆ," ಎಂದಳು ಚಲುವಮ್ಮ.

"ಇಳೀತದಾ?"

"ಹೂಂ. ಏರಿದ್ರೆ ಹಾಗೆ ಮಾಡಿ ಇಳಿಸ್ಕೋಬಹುದು. ಇಳಿದುಹೋದ್ರೆ ಮಾತ್ರ ಕಷ್ಟ. ಏನೂ ಮಾಡೋಕಾಗಲ್ಲ."

ಬೋಜಪ್ಪ ಕಾಫಿ ಊದಿ ಊದಿ ಕುಡಿದ. "ಎಷ್ಟೆಲ್ಲ ಇದೆ ಇದರಲ್ಲಿ" ಎಂದ.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಅವಳು ಸ್ನಾನ ಮಾಡಿ ಬರುವಾಗ ಅಗ್ಗಿಷ್ಟಿಕೆ ಜಾಗ ಬದಲಿಸಿ ಕೂತಿತ್ತು. ಬೋಜಪ್ಪ ತೋಟಕ್ಕೆ ಹೋಗುವವರೆಗೆ ಕಾದು, ವೀಣೆಯ ಮುಂದೆ ಕೂತು ಬಗ್ಗಿ ನೋಡಿದಳು. ಗಾಂಧಾರದ ಮೆಟ್ಟಿಲು ಬಿರಡೆಯ ಕಡೆಗೆ ಹೋಗಿತ್ತು. ಅವಳ ಸುಳ್ಳನ್ನು ಅವನು ನಂಬಿದ್ದ.

ಈ ಸಲ ಅವಳು ಮೇಣ ಕಾಯಿಸಿ ಸರಿ ಮಾಡಲಿಲ್ಲ. ಸರಿ ಮಾಡಿದರೆ ಅವನು ಮತ್ತೆ ಯೋಚಿಸುತ್ತಾನೆ. ತಪ್ಪು ಮೆಟ್ಟಿಲ ಮೇಲೆಯೇ ಕೂತು ಎಳೆದು ನುಡಿಸುವುದನ್ನು ರೂಢಿ ಮಾಡಿಕೊಂಡಳು. ತಂತಿ ಬೆರಳಿನ ತುದಿ ಕೊರೆಯಿತು. ಮಧ್ಯಾಹ್ನದ ಹೊತ್ತಿಗೆ ಯೋಚನೆಯಿಲ್ಲದೆಯೇ ಗಾಂಧಾರ ಸರಿಯಾಗಿ ಬರತೊಡಗಿತು. ಮುಖವೂ ಸುಮ್ಮನಿತ್ತು, ಕನ್ನಡಿಯಲ್ಲಿ ನೋಡಿಕೊಂಡಳು.

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಅವನು ಯಾವಾಗಲೂ ಗಾಂಧಾರವನ್ನೇ ಮುಟ್ಟಬೇಕೆಂದೇನಿದೆ? ಡಾಕ್ಟರು ಬರುವ ದಿನ ಮಧ್ಯಮವನ್ನೋ ಋಷಭವನ್ನೋ ಜರಗಿಸಿ ಇಟ್ಟರೆ? ಬೆರಳು ಅದಕ್ಕೆ ತಯಾರಿರುವುದಿಲ್ಲ. ಒಂದೊಂದನ್ನೂ ಈಗಲೇ ಕಲಿತಿರಬೇಕು.

ಕೆಂಡದ ಮೇಲೆ ಚಾಕುವಿನ ತುದಿ ಕಾಯಿಸಿದಳು. ಮಧ್ಯಮದ ಮೆಟ್ಟಿಲಿನ ಎರಡೂ ಬುಡದ ಮೇಣಕ್ಕೆ ಅದನ್ನು ತಾಗಿಸಿ, ಮೆತ್ತಗಾದ ಮೇಲೆ ಬೆರಳು ಒದ್ದೆ ಮಾಡಿಕೊಂಡು ರಾಗಿ ಕಾಳಿನಷ್ಟು ಬಿರಡೆಯ ಕಡೆಗೆ ಒತ್ತಿದಳು. ಮೀಟಿದಳು. ಕೆಟ್ಟಿತು. ಇನ್ನೂ ಸ್ವಲ್ಪ ಒತ್ತಿದಳು. ಮೀಟಿದಳು. ಇನ್ನೂ ಕೆಟ್ಟಿತು. "ಹಾ, ಇಷ್ಟು ಮಾಡ್ತಾನೆ, ಇಷ್ಟೇ" ಎಂದು ತನಗೇ ಹೇಳಿಕೊಂಡಳು. ಋಷಭದ ಮೇಲೆ ಚಾಕು ಇಟ್ಟಳು.

"ಎಂತ ಗೂಡೆ ಅದು?"

ಬೊಳ್ಳಮ್ಮ ಬಾಗಿಲಲ್ಲಿದ್ದಳು. ಕೈಯಲ್ಲಿ ಮಂಡಿಗೆ ಹಚ್ಚುವ ಎಣ್ಣೆಯ ಬಾಟಲಿ. ಅವಳು ಎಲ್ಲವನ್ನೂ ನೋಡಿದ್ದಳು. ಚಾಕು, ಕೆಂಡ, ಸೊಸೆಯ ಒದ್ದೆ ಬೆರಳು, ಒಂದೊಂದಾಗಿ ಜರಗುತ್ತಿದ್ದ ಮೆಟ್ಟಿಲು.

"ಅತ್ತೆ, ಇದು ಅಭ್ಯಾಸಕ್ಕೆ. ಅವರು ಸರಿಸಿದ್ರೆ ನಾನು ಹೇಗೆ ನುಡಿಸ್ಬೇಕು ಅಂತ, ಅದಕ್ಕೆ ನಾನೇ ಮೊದಲು ಸರಿಸಿ ನೋಡ್ತಿದ್ದೆ."

ಹೇಳುತ್ತಿರುವಾಗಲೇ ಆ ಮಾತು ತನ್ನ ಕಿವಿಗೆ ಹೇಗೆ ಬೀಳುತ್ತಿದೆಯೆಂದು ಚಲುವಮ್ಮನಿಗೆ ಗೊತ್ತಾಯಿತು.

ಬೊಳ್ಳಮ್ಮ ಒಳಗೆ ಬಂದು ಅವಳ ಕೈಯಿಂದ ಬಿಸಿ ಚಾಕು ತೆಗೆದುಕೊಂಡಳು. ಒರಟಾಗಿಯಲ್ಲ. ಸೆರಗಿನಲ್ಲಿ ಅದನ್ನು ಸುತ್ತಿ ಹಿಡಿದು, ವೀಣೆಯನ್ನೊಮ್ಮೆ ಸೊಸೆಯನ್ನೊಮ್ಮೆ ನೋಡಿದಳು. ಮುದುಕಿಯ ಕಣ್ಣು ಒದ್ದೆಯಾಗಿತ್ತು.

"ಮೊನ್ನೆ ನನ್ನ ಮಗನ ಮೇಲೆಯೇ ನಂಗೆ ಸಂಶಯ ಬಂದಿತ್ತು ಗೂಡೆ. ಪಾಪ" ಎಂದಳು.

"ಅತ್ತೆ, ಡಾಕ್ಟ್ರ ಹತ್ರ ಹೇಳ್ಬೇಡಿ. ನಿಮ್ಮ ಕಾಲು ಹಿಡಿತೀನಿ."

"ಅವರು ಕೇಳಿದ್ರೆ ಹೇಳೆಕ್ಕು, ಹೇಳಲೇ ಬೇಕು. ನಾನು ಈಗ ಕಂಡೆ ಅಲ್ಲಾ?"

ಎಣ್ಣೆಯ ಬಾಟಲಿಯನ್ನು ಕಿಟಕಿಯಲ್ಲಿಟ್ಟು, ಅಗ್ಗಿಷ್ಟಿಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಹೋದಳು. ಹೋಗುವಾಗ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡಳು. ಚಿಲಕ ಹಾಕಿದ ಸದ್ದು ಕೇಳಿಸಿತು.